ಪ್ರಾಚೀನ ಅಸ್ಥಿಪಂಜರಗಳಲ್ಲಿ ಸೊಂಟದ ಕೀಲಿನ ದೋಷಗಳು

ಗೋರಿಯೊಂದರಲ್ಲಿ ಕೆಟ್ಟ ಸೊಂಟದ ಕೀಲು ಕಂಡುಬಂದೊಡನೆ ಅದನ್ನು ‘ಕೀಲು ತಪ್ಪಿದ್ದು’ ಎಂದು ಬರೆದಿಡುವುದು ಸುಲಭ. ಆದರೆ ಕಾರಣಗಳು ಹಲವಾದುದರಿಂದ ಅವುಗಳ ಗುರುತುಗಳನ್ನು ಇಲ್ಲಿ ವಿವರಿಸುತ್ತೇವೆ.

ತೊಡೆಮೂಳೆಯ ದುಂಡನೆಯ ತಲೆಯು ಸೊಂಟದ ಮೂಳೆಯ ಕುಳಿಯಲ್ಲಿ ಕೂಡಿರುವುದು ಸಹಜಸ್ಥಿತಿ. ಹುಟ್ಟಿನಿಂದಲೇ ಕೀಲು ತಪ್ಪಿದ್ದರೆ ಆ ಕುಳಿಯು ಕಿರಿದಾಗಿ, ಆಳವಿಲ್ಲದೆ ಉಳಿಯುತ್ತದೆ. ಅದರ ಮೇಲ್ಗಡೆ ಅನೇಕವೇಳೆ ಹೊಸದೊಂದು ಕುಳಿ ಮೂಡಿರುತ್ತದೆ. ಬಾಲ್ಯದಲ್ಲಿ ತಲೆಯ ರಕ್ತಸಂಚಾರ ಕುಂದಿ ಬರುವ ಪರ್ಥೆಸ್ ರೋಗದಲ್ಲಿ ಕೀಲು ಸ್ವಸ್ಥಾನದಲ್ಲಿಯೇ ಇದ್ದು, ತಲೆಯು ಅಣಬೆಯಂತೆ ಚಪ್ಪಟೆಯಾಗುತ್ತದೆ. ಸವೆತದ ಸಂಧಿವಾತದಲ್ಲಿ ಅಂಚುಗಳಲ್ಲಿ ಮೂಳೆ ಬೆಳೆದು, ಉಜ್ಜಿದ ಭಾಗವು ದಂತದಂತೆ ಹೊಳೆಯುತ್ತದೆ. ಮಣ್ಣಿನ ಭಾರದಿಂದ ಸತ್ತ ಮೇಲೆ ಉಂಟಾದ ವಿಕಾರದಲ್ಲಿ ಇಂಥ ಹೊಸ ಬೆಳವಣಿಗೆ ಇರಲಾರದು.

ಎಣಿಕೆಯೂ ಮುಖ್ಯ. 1970ರ ದಶಕದಲ್ಲಿ ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ ಬೆಳಕಿಗೆ ಬಂದ ರೋಗವು ವಂಶಾನುಗತವಾಗಿ ಹಲವು ಕುಟುಂಬಗಳವರ ಸೊಂಟದ ಕೀಲುಗಳನ್ನು ಕೆಡಿಸಿತು. ಆದುದರಿಂದ ಒಂದೇ ಸ್ಮಶಾನದಲ್ಲಿ ಹಲವರ ಎರಡೂ ಕೀಲುಗಳು ಒಂದೇ ಬಗೆಯಾಗಿ ಕೆಟ್ಟಿದ್ದರೆ ವಂಶದ ಕಾರಣವನ್ನೂ ವಿಚಾರಿಸಬೇಕು.

ಇದಕ್ಕೆ ಒಬ್ಬನ ಮೂಳೆಗಳೆಲ್ಲ ಒಟ್ಟಿಗಿರಬೇಕು. 1947ರಲ್ಲಿ ವ್ಹೀಲರರು ಅಗೆದ ಬ್ರಹ್ಮಗಿರಿಯ ಕಲ್ಗೋರಿಗಳಲ್ಲಿ ಬೇರೆಡೆಯಿಂದ ಆಯ್ದು ತಂದಿಟ್ಟ ಎಲುಬುಗಳಿದ್ದವು. ಅಂಥಲ್ಲಿ ಯಾವ ತೊಡೆಮೂಳೆ ಯಾವ ಕುಳಿಯದೆಂದು ಹೇಳುವುದು ಕಷ್ಟ. ಶವವನ್ನು ಇದ್ದಂತೆಯೇ ಹೂಳಿದ ಕಡೆಯಲ್ಲಾದರೂ, ಎತ್ತುವ ಮುನ್ನ ಎರಡೂ ಕೀಲುಗಳ ಚಿತ್ರ ಬರೆದು, ಅವುಗಳ ಮೂಳೆಗಳನ್ನು ಒಂದೇ ಪೆಟ್ಟಿಗೆಯಲ್ಲಿ ಇಡತಕ್ಕದ್ದು. ಒಮ್ಮೆ ಬೆರೆತ ಮೂಳೆಗಳಿಂದ ಆ ಮನುಷ್ಯನ ನಡಿಗೆಯನ್ನು ಮತ್ತೆ ತಿಳಿಯಲಾಗದು.