ಹಟವಾಗಿದ್ದರೆ ಇಷ್ಟು ದಣಿವೇಕೆ?

ನಂಜನಗೂಡಿನ ದೊಡ್ಡ ಜಾತ್ರೆಯಲ್ಲಿ ಐದು ತೇರು ಹೊರಟಾಗ ಆಟಿಸಂ ಇರುವ ಹದಿನಾಲ್ಕರ ಹುಡುಗನೊಬ್ಬ ಕಿವಿ ಮುಚ್ಚಿಕೊಂಡು, ಕಿರುಚಿ, ನೆಲಕ್ಕೆ ಕುಸಿದರೆ ಸುತ್ತ ನಿಂತವರ ತೀರ್ಪು ಸಿದ್ಧವಿರುತ್ತದೆ: ಹಟ, ಇಲ್ಲವೇ ಗಾಳಿ ಸೋಕಿದೆ, ಇಲ್ಲವೇ ತಾಯಿ ಮುದ್ದು ಮಾಡಿ ಕೆಡಿಸಿದ್ದಾಳೆ. ಮೂರೂ ತಪ್ಪು ಎನ್ನಲು ದೂರ ಹೋಗಬೇಕಿಲ್ಲ, ಆಮೇಲೆ ಏನಾಗುತ್ತದೆಂದು ನೋಡಿದರೆ ಸಾಕು. ಹಟ ಹಿಡಿದ ಮಗು ಬೇಡಿದ್ದು ಸಿಕ್ಕೊಡನೆ ಎದ್ದು ಆಡುತ್ತದೆ. ಈ ಹುಡುಗ ಏನನ್ನೂ ಬೇಡಿರಲಿಲ್ಲ, ಏನೂ ಸಿಗಲೂ ಇಲ್ಲ. ಆದರೂ ಗಂಟೆಗಟ್ಟಲೆ, ಕೆಲವೊಮ್ಮೆ ಮರುದಿನವೂ, ಮಾತಾಡಲಾರದಷ್ಟು ಸೋತು ಮಲಗುತ್ತಾನೆ. ಲಾಭಕ್ಕಾಗಿ ಹೂಡಿದ ಆಟದಲ್ಲಿ ಯಾರೂ ಹೀಗೆ ಬಸವಳಿಯುವುದಿಲ್ಲ.

ಹಟವಲ್ಲದಿದ್ದರೆ ಮತ್ತೇನು? ಬದನವಾಳಿನ ಖಾದಿ ಕೇಂದ್ರದಂಥ ಕಡೆ ದಿನವಿಡೀ ಕೂತು ದುಡಿಯುವವರಿಗೆ ಮಗ್ಗದ ಸದ್ದು ಕ್ರಮೇಣ ಕೇಳಿಸದಂತಾಗುತ್ತದೆ, ಮೆದುಳು ಅದನ್ನು ಬದಿಗೆ ಸರಿಸಿಬಿಡುತ್ತದೆ. ಆಟಿಸಂ ಇರುವ ಅನೇಕರಲ್ಲಿ ಸದ್ದು ಹಾಗೆ ಸರಿಯುವುದಿಲ್ಲ. ಪ್ರತಿ ಬಡಿತವೂ ಮೊದಲ ಬಡಿತವೇ. ಶಬ್ದ, ಬೆಳಕು, ಸ್ಪರ್ಶಗಳಿಗೆ ಹೀಗೆ ಅತಿಯಾಗಿ ಸ್ಪಂದಿಸುವುದನ್ನು ಅಮೆರಿಕದ ಮನೋವೈದ್ಯರ ಸಂಘ 2013ರ ಕೈಪಿಡಿಯಲ್ಲಿ ಆಟಿಸಂನ ಲಕ್ಷಣಗಳಲ್ಲೇ ಸೇರಿಸಿತು. ಹದಿಹರೆಯದಲ್ಲಿ ಈ ಹೊರೆಯ ಮೇಲೆ ಶಾಲೆ, ಮೈಯ ಬದಲಾವಣೆ, ಎಲ್ಲರಂತೆ ಕಾಣಬೇಕೆಂಬ ಒತ್ತಡ ಕೂಡುತ್ತವೆ. ದಿನವೆಲ್ಲ ತಡೆದುಕೊಂಡದ್ದು ಸಂಜೆ ಮನೆಯಲ್ಲಿ ಒಡೆಯುತ್ತದೆ. ಮೇಷ್ಟ್ರು 'ಇಲ್ಲಿ ಚೆನ್ನಾಗೇ ಇದ್ದನಲ್ಲ' ಎನ್ನುವುದೂ ಅಮ್ಮ ಅಳುವುದೂ ಎರಡೂ ನಿಜವಾಗಿರಬಹುದು.

ಆದ್ದರಿಂದ ಆ ಹೊತ್ತಿನಲ್ಲಿ ಬುದ್ಧಿಮಾತು ನಾಟುವುದಿಲ್ಲ, ಏಟು ಇನ್ನೊಂದು ಹೊರೆಯಷ್ಟೇ. ಟಿವಿ ಆರಿಸಿ, ಜನರನ್ನು ದೂರ ಕಳಿಸಿ, ತಗಲುವ ವಸ್ತು ಸರಿಸಿ, ಹತ್ತಿರವಿದ್ದೂ ಸುಮ್ಮನಿರುವುದು ಹೆಚ್ಚು ಉಪಕಾರ. ಆಮೇಲೆ ನೀರು, ಕತ್ತಲ ಕೋಣೆ, ನಿದ್ದೆ. 'ಕ್ಷಮೆ ಕೇಳು' ಎನ್ನುವುದಾಗಲಿ, ಮನೆಪಾಠಕ್ಕೆ ಕೂರಿಸುವುದಾಗಲಿ ಅಂದು ಬೇಡ. ಆ ದಣಿವನ್ನು ಸೋಮಾರಿತನ ಎನ್ನುವುದು ನನಗೆ ಎಲ್ಲಕ್ಕಿಂತ ಕ್ರೂರವಾಗಿ ಕಾಣುತ್ತದೆ. ಒಂದು ಎಚ್ಚರ ಮಾತ್ರ ಇರಲಿ: ಪ್ರಜ್ಞೆ ತಪ್ಪಿದರೆ, ಕೈಕಾಲು ಸೆಳೆದರೆ ಅದು ಮೂರ್ಛೆರೋಗವಿರಬಹುದು. ಆಟಿಸಂ ಇರುವವರಲ್ಲಿ ಅದು ಹೆಚ್ಚು, ಹದಿಹರೆಯದಲ್ಲಿ ಶುರುವಾಗುವುದೂ ಉಂಟು. ಹೇಳಿಕೊಳ್ಳಲಾಗದ ಹಲ್ಲುನೋವು, ಮಲಬದ್ಧತೆ, ಮುಟ್ಟಿನ ನೋವು ಕೂಡ ಈ ಸ್ಫೋಟಕ್ಕೆ ಕಾರಣವಾಗಬಲ್ಲವು. ಇಂಥ ಅನುಮಾನವಿದ್ದರೆ ವೈದ್ಯರಿಗೆ ತೋರಿಸಬೇಕು.

ಹೀಗೆ ಬಿಟ್ಟುಕೊಟ್ಟರೆ ಅದೇ ಅಭ್ಯಾಸವಾಗದೇ ಎಂಬ ಆಕ್ಷೇಪ ನ್ಯಾಯವಾದದ್ದೇ. ಆಟಿಸಂ ಇರುವ ಮಕ್ಕಳೂ ಹಟ ಮಾಡುತ್ತಾರೆ. ಮೊಬೈಲಿಗಾಗಿ ಕಿರುಚಿದರೆ ಕೊಡಬೇಕಾಗಿಲ್ಲ. ಆದರೆ ಕೇಳಿದ್ದನ್ನು ಕೊಡುವುದು ಬೇರೆ, ಹೊರೆ ಇಳಿಸುವುದು ಬೇರೆ. 'ಸಾಕಾಯಿತು' ಎಂಬುದಕ್ಕೊಂದು ಸನ್ನೆಯನ್ನು, ಎದ್ದು ಹಿತ್ತಲಿಗೆ ಹೋಗುವುದನ್ನು ಕಲಿಸಬೇಕಾದ್ದು ಮನಸ್ಸು ತಿಳಿಯಾದ ದಿನ. ಲೋಕ ಅವನಿಗಾಗಿ ಸದ್ದು ಕಡಿಮೆ ಮಾಡೀತೇ ಎನ್ನುವವರೂ ಇದ್ದಾರೆ. ಮಾಡಲಾರದು. ಆದರೆ ತೇರು ನಿಂತಿರುವಾಗಲೇ, ಜನ ಸೇರುವ ಮುನ್ನ ಕರೆದೊಯ್ದರೆ ಅವನೂ ಜಾತ್ರೆ ನೋಡುತ್ತಾನೆ.

ತಪಾಸಣೆ, ಸಲಹೆ ಬೇಕೆನ್ನುವವರಿಗೆ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಆಟಿಸಂ ಅನ್ನು ಹೆಸರಿಸಿಯೇ ಸೇರಿಸಿಕೊಂಡಿದೆ. ಆ ಕಾಯ್ದೆಯ ಪ್ರಮಾಣಪತ್ರ ಮಾಡಿಸಿದವರು ಪರೀಕ್ಷೆಯಲ್ಲಿ ಹೆಚ್ಚಿನ ಸಮಯ ಕೇಳಬಹುದು. ಬಿಡುವಿನ ಹೊತ್ತು, ಸದ್ದಿಲ್ಲದ ಮೂಲೆಗಳನ್ನೂ ಮೇಷ್ಟ್ರ ಬಳಿ ಸಂಕೋಚವಿಲ್ಲದೆ ಕೇಳಬಹುದು.