ಬುಲ್ಸ್ ರೇಡಿಂಗ್‌ನಲ್ಲಿ ಬಿ.ಸಿ. ರಮೇಶ್ ಬದಲಿಸಿದ್ದು ಎಂತ? ನಮ್ಮೂರ ಟೀಮ್‌ಗಳಿಗೆ ಇದರಲ್ಲಿ ಪಾಠ ಉಂಟಾ?

ಬಜಪೆ: ಕಬಡ್ಡಿ ನೋಡುವವರು ನಾಲ್ಕು ಮಂದಿ ಸೇರಿದರೆ ಸಾಕು, ಬೆಂಗಳೂರು ಬುಲ್ಸ್ ವಿಷಯ ಬಂದೇ ಬರ್ತದೆ. ‘ಸ್ಟಾರ್ ರೇಡರ್ ಇಲ್ಲದೆ ಕಪ್ ಗೆಲ್ಲಲಿಕ್ಕೆ ಆಗ್ತದಾ?’ ಎಂದು ಒಬ್ಬರು ಕೇಳಿದರೆ, ‘ಸ್ಟಾರ್ ಇದ್ದಾಗ ಎಷ್ಟು ಕಪ್ ಗೆದ್ದಿದ್ದಾರೆ ಮಾರ್ರೆ?’ ಎಂಬ ಉತ್ತರ ಬರುತ್ತದೆ. 2025ರಲ್ಲಿ, ಪ್ರೊ ಕಬಡ್ಡಿಯ 12ನೇ ಸೀಸನ್‌ಗೆ ಬಿ.ಸಿ. ರಮೇಶ್ ಕೋಚ್ ಆಗಿ ಬಂದ ಮೇಲೆ ತಂಡದ ರೇಡಿಂಗ್ ಬದಲಾಯಿತು. ಅದು ಒಳ್ಳೆಯದಕ್ಕಾ, ಅಲ್ಲವಾ? ಎರಡೂ ಕಡೆಯ ಲೆಕ್ಕ ಇಲ್ಲಿದೆ.

ಹಳೆಯ ಬುಲ್ಸ್: ಒಬ್ಬನ ಮೇಲೆ ಇಡೀ ಭಾರ

ಲೀಗ್ ಶುರುವಾದ 2014ರಿಂದ 11ನೇ ಸೀಸನ್‌ವರೆಗೂ ಬುಲ್ಸ್‌ಗೆ ರಣಧೀರ್ ಸಿಂಗ್ ಸೆಹ್ರಾವತ್ ಕೋಚ್. ಅವರ ಕಾಲದಲ್ಲಿ ತಂಡ ದೊಡ್ಡ ರೇಡರ್‌ಗಳನ್ನು ಬೆಳೆಸಿತು. 2019ರ ಜನವರಿ 5ರಂದು ಮುಂಬೈಯಲ್ಲಿ ಗುಜರಾತ್ ವಿರುದ್ಧ 38-33ರಿಂದ ಕಪ್ ಗೆದ್ದಾಗ ಪವನ್ ಸೆಹ್ರಾವತ್ ಒಬ್ಬರೇ 22 ಪಾಯಿಂಟ್ ತಂದಿದ್ದರು. ಮುಂದಿನ ಸೀಸನ್‌ನಲ್ಲಿ ಹರಿಯಾಣ ವಿರುದ್ಧದ ಒಂದೇ ಪಂದ್ಯದಲ್ಲಿ ಅವರದ್ದು 39 ರೇಡ್ ಪಾಯಿಂಟ್! ಆದರೆ ಆ ಸೀಸನ್‌ನಲ್ಲಿ ತಂಡ ಸೆಮಿಫೈನಲ್‌ನಲ್ಲೇ ನಿಂತಿತು.

ಪವನ್ ಹೋದ ಮೇಲೆ ಭರತ್ ಬಂದರು, ಮತ್ತೆ ಸೆಮಿಫೈನಲ್. 11ನೇ ಸೀಸನ್‌ಗೆ 70 ಲಕ್ಷ ರೂಪಾಯಿ ಕೊಟ್ಟು ಪ್ರದೀಪ್ ನರ್ವಾಲ್ ಅವರನ್ನು ತಂದರು. ಲೀಗ್ ಇತಿಹಾಸದಲ್ಲೇ ಅತಿ ಹೆಚ್ಚು ರೇಡ್ ಪಾಯಿಂಟ್ ಗಳಿಸಿದ ಆಟಗಾರ. ಆದರೆ ಹಳೆಯ ಫಾರ್ಮ್ ಕಾಣಲಿಲ್ಲ. 22 ಪಂದ್ಯದಲ್ಲಿ ಬರೀ 2 ಗೆಲುವು, 12 ತಂಡಗಳಲ್ಲಿ ಬುಲ್ಸ್‌ಗೆ ಕೊನೆಯ ಸ್ಥಾನ.

ರಮೇಶ್ ತಂದ ವಿಚಾರ

ರಮೇಶ್ ಹೊಸಬರಲ್ಲ. ಕರ್ನಾಟಕದವರೇ, ಅರ್ಜುನ ಪ್ರಶಸ್ತಿ ಪಡೆದ ಆಟಗಾರ. ಬುಲ್ಸ್ ಕಪ್ ಗೆದ್ದ 6ನೇ ಸೀಸನ್‌ನಲ್ಲಿ ಕೋಚಿಂಗ್ ಬಳಗದಲ್ಲಿ ಇದ್ದವರು. ಆಮೇಲೆ ಬೇರೆ ಎರಡು ತಂಡಗಳಿಗೆ ಕಪ್ ಗೆಲ್ಲಿಸಿದರು.

ಮೊದಲನೆಯದು ಬಂಗಾಳ ವಾರಿಯರ್ಸ್. 2019ರ ಅಕ್ಟೋಬರ್ 19ರಂದು ಅಹಮದಾಬಾದ್‌ನಲ್ಲಿ ಫೈನಲ್. ಮುಖ್ಯ ರೇಡರ್ ಮಣಿಂದರ್ ಸಿಂಗ್ ಗಾಯಗೊಂಡು ಆಡಲೇ ಇಲ್ಲ. ಆದರೂ ಇರಾನಿನ ನಬಿಬಕ್ಷ್, ನಮ್ಮ ಕರಾವಳಿಯ ಸುಕೇಶ್ ಹೆಗ್ಡೆ ಭಾರ ಹೊತ್ತು ದಬಾಂಗ್ ದೆಹಲಿಯನ್ನು 39-34ರಿಂದ ಸೋಲಿಸಿದರು. ಎರಡನೆಯದು ಪುಣೇರಿ ಪಲ್ಟನ್, 2024ರ ಮಾರ್ಚ್ 1ರಂದು ಹರಿಯಾಣ ವಿರುದ್ಧ 28-25. ಅಲ್ಲಿ ಅಸ್ಲಮ್ ಇನಾಮ್‌ದಾರ್, ಮೋಹಿತ್ ಗೋಯತ್, ಪಂಕಜ್ ಮೋಹಿತೆ, ಆಕಾಶ್ ಶಿಂಧೆ ಎಂದು ರೇಡ್‌ಗೆ ಹೋಗುವವರ ಸಾಲೇ ಇತ್ತು. ಒಬ್ಬ ಔಟಾದರೆ ಇನ್ನೊಬ್ಬ ರೆಡಿ.

ಇದನ್ನೇ ಹಂಚಿಕೆಯ ರೇಡಿಂಗ್ ಅನ್ನುವುದು.

ಹಂಚಿದರೆ ಲಾಭ ಎಂತ?

ಲೆಕ್ಕ ಸುಲಭ. ಪಂದ್ಯ 40 ನಿಮಿಷ, ಒಂದು ರೇಡ್‌ಗೆ 30 ಸೆಕೆಂಡ್. ಅಂದರೆ ಒಂದು ತಂಡಕ್ಕೆ ಹೆಚ್ಚು ಕಡಿಮೆ 40 ರೇಡ್ ಸಿಗುತ್ತದೆ. ಅದರಲ್ಲಿ ಅರ್ಧ ಒಬ್ಬನೇ ಮಾಡಿದರೆ, ಎದುರು ತಂಡದ ಪ್ಲ್ಯಾನ್ ಕೂಡ ಒಂದೇ: ಅವನನ್ನು ಹಿಡಿ, ಹೊರಗೆ ಕೂರಿಸು.

ಔಟಾದವನು ತಾನಾಗಿ ಒಳಗೆ ಬರುವ ಹಾಗಿಲ್ಲ. ತಂಡದವರು ಎದುರಾಳಿಯನ್ನು ಔಟ್ ಮಾಡಿದರೆ ಮಾತ್ರ ಸರದಿಯಂತೆ ಜೀವ ಬರುತ್ತದೆ. ಬೋನಸ್ ಪಾಯಿಂಟ್ ತಂದರೂ ಯಾರೂ ಒಳಗೆ ಬರುವುದಿಲ್ಲ. ಹಾಗಾಗಿ ಸ್ಟಾರ್ ಹೊರಗೆ ಕೂತ ಆ ನಾಲ್ಕೈದು ನಿಮಿಷದಲ್ಲಿ ಉಳಿದವರಿಗೆ ರೇಡ್ ಬಾರದಿದ್ದರೆ ತಂಡ ಖಾಲಿಯಾಗುತ್ತಾ ಹೋಗಿ ಆಲೌಟ್. ಎದುರಾಳಿಗೆ ಎರಡು ಪಾಯಿಂಟ್ ಹೆಚ್ಚುವರಿ.

ಇನ್ನು ಡು-ಆರ್-ಡೈ. ಎರಡು ರೇಡ್ ಖಾಲಿ ಹೋದರೆ ಮೂರನೆಯದರಲ್ಲಿ ಪಾಯಿಂಟ್ ತರಲೇಬೇಕು, ಇಲ್ಲದಿದ್ದರೆ ರೇಡರ್ ಔಟ್. ಇದಕ್ಕೆ ಬೇರೆಯದೇ ಆಟಗಾರ ಇದ್ದರೆ ಮುಖ್ಯ ರೇಡರ್ ಉಳಿಯುತ್ತಾನೆ. ಎಡಗಡೆಯಿಂದ ಒಬ್ಬ, ಬಲಗಡೆಯಿಂದ ಒಬ್ಬ ಬಂದರೆ ಎದುರಿನ ಎರಡೂ ಕಾರ್ನರ್‌ಗೆ ಪುರುಸೊತ್ತು ಇಲ್ಲ. ಮೊಣಕಾಲಿಗೂ ಸ್ವಲ್ಪ ವಿಶ್ರಾಂತಿ.

ಫಲಿತಾಂಶ ಎಂತ ಹೇಳುತ್ತದೆ?

12ನೇ ಸೀಸನ್ ಶುರುವಿನಲ್ಲಿ ಬುಲ್ಸ್ ಸತತ ಮೂರು ಪಂದ್ಯ ಸೋತಿತು. ‘ಇದು ಕೂಡ ಹೋಯ್ತು’ ಅಂದವರೇ ಜಾಸ್ತಿ. ನಾಲ್ಕನೆಯದರಲ್ಲಿ ಪಟ್ನಾ ವಿರುದ್ಧ ಗೆದ್ದ ಮೇಲೆ ಗಾಡಿ ಹಳಿಗೆ ಬಂತು. ಲೀಗ್ ಮುಗಿಯುವಾಗ 18ರಲ್ಲಿ 11 ಗೆಲುವು, ಮೂರನೇ ಸ್ಥಾನ. ಕೊನೆಯ ಸ್ಥಾನದಿಂದ ಮೂರನೆಯದಕ್ಕೆ ಒಂದೇ ವರ್ಷದಲ್ಲಿ ಏರುವುದು ಸಣ್ಣ ಮಾತಲ್ಲ. ಅದೂ ಬೆಂಗಳೂರಿನಲ್ಲಿ ಒಂದೂ ಪಂದ್ಯ ಇಲ್ಲದ ಸೀಸನ್‌ನಲ್ಲಿ.

ಬದಲಾವಣೆ ಬೇಡ ಎನ್ನುವವರ ಮಾತಿನಲ್ಲೂ ಹುರುಳಿದೆ. ಅವರದ್ದು ಎರಡು ಪ್ರಶ್ನೆ.

ಒಂದು, ಹಂಚಿಕೆ ಅಂದರೂ ಕೊನೆಗೆ ಹೆಚ್ಚು ಪಾಯಿಂಟ್ ತಂದದ್ದು ಇರಾನಿನ ಅಲಿರೇಜಾ ಮಿರ್ಜಾಯಿಯನ್ ಅಲ್ವಾ? ಹೌದು. ಪವನ್ ಜಾಗದಲ್ಲಿ ಅಲಿರೇಜಾ ಕೂತರು, ಅಷ್ಟೇ ಬದಲಾವಣೆ ಅಂತ ಇವರ ವಾದ.

ಎರಡು, ನಾಕೌಟ್‌ನಲ್ಲಿ ಎಂತಾಯಿತು? ತೆಲುಗು ಟೈಟಾನ್ಸ್ ಎದುರು ಸೋಲು, ಆಮೇಲೆ ಪಟ್ನಾ ಎದುರು ಸೋತು ಮನೆಗೆ. ಆ ಪಟ್ನಾದಲ್ಲಿ ಇದ್ದದ್ದು ಅಯಾನ್ ಎಂಬ ಯುವಕ, ಆ ಸೀಸನ್‌ನ ನಂಬರ್ ಒನ್ ರೇಡರ್. ಅಂದರೆ ದೊಡ್ಡ ಪಂದ್ಯದಲ್ಲಿ ದೊಡ್ಡ ರೇಡರ್ ಬೇಕೇ ಬೇಕು ಎಂಬುದಕ್ಕೆ ಇವರಿಗೆ ಸಾಕ್ಷಿ ಸಿಕ್ಕಿತು.

ಹಾಗಾದರೆ ಸರಿ ಯಾರು?

ಹಂಚಿಕೆ ಅಂದರೆ ಸ್ಟಾರ್ ಬೇಡ ಅಂತಲ್ಲ. ಸ್ಟಾರ್ ಹೊರಗೆ ಕೂತಾಗಲೂ ತಂಡ ಉಸಿರಾಡಬೇಕು ಅಂತ. ಬಂಗಾಳದಲ್ಲೂ ಮಣಿಂದರ್ ದೊಡ್ಡ ಹೆಸರೇ, ಆದರೆ ಅವರಿಲ್ಲದ ದಿನ ತಂಡ ಕುಸಿಯಲಿಲ್ಲ. ಬುಲ್ಸ್‌ನಲ್ಲಿ ಅಲಿರೇಜಾ ಜೊತೆ ಆಶಿಶ್ ಮಲಿಕ್, ಗಣೇಶ ಹನಮಂತಗೋಳ್ ಅಂಥವರಿಗೂ ರೇಡ್ ಸಿಕ್ಕಿತು. ಹಿಂದೆ ದೀಪಕ್ ಶಂಕರ್, ಯೋಗೇಶ್ ಡಿಫೆನ್ಸ್ ಹಿಡಿದು ನಿಂತರು. ಲೀಗ್‌ನ ಉದ್ದದ ಓಟಕ್ಕೆ ಇದು ಸಾಕಾಯಿತು, ನಾಕೌಟ್‌ಗೆ ಸಾಕಾಗಲಿಲ್ಲ. ಅಂದರೆ ದಾರಿ ಸರಿ ಉಂಟು, ಎರಡನೇ ರೇಡರ್ ಇನ್ನೂ ಗಟ್ಟಿ ಆಗಬೇಕು.

ಮುಂದೆ ಪಂದ್ಯ ನೋಡುವಾಗ ಸ್ಕೋರ್ ಒಂದನ್ನೇ ನೋಡಬೇಡಿ. ಈ ಮೂರು ಗಮನಿಸಿ:

1. ಮುಖ್ಯ ರೇಡರ್ ಬೆಂಚ್‌ನಲ್ಲಿ ಕೂತಾಗ ತಂಡಕ್ಕೆ ಎಷ್ಟು ಪಾಯಿಂಟ್ ಬಂತು?
2. ಡು-ಆರ್-ಡೈಗೆ ಯಾರು ಹೋಗ್ತಾರೆ, ಪಾಯಿಂಟ್ ತರ್ತಾರಾ?
3. ಕೊನೆಯ ಐದು ನಿಮಿಷದಲ್ಲಿ ರೇಡ್‌ಗೆ ಹೋಗಲು ಎಷ್ಟು ಮಂದಿಗೆ ಧೈರ್ಯ ಉಂಟು?

ನಮ್ಮೂರ ಅಂಗಣದಲ್ಲೂ ಇದೇ ಪ್ರಶ್ನೆ

ಮಳೆ ನಿಂತರೆ ಬಜಪೆ, ಕೈಕಂಬ, ಕಟೀಲು, ಕಿನ್ನಿಗೋಳಿ ಕಡೆ ಹೊನಲು ಬೆಳಕಿನ ಕಬಡ್ಡಿ ಶುರು. ಜೆರ್ಸಿಗೆ, ಕಪ್‌ಗೆ, ಊಟಕ್ಕೆ ಕೈ ಹಾಕುವುದು ನಮ್ಮ ಪೇಟೆಯ ಅಂಗಡಿಯವರೇ. ಆ ಹಣದಲ್ಲಿ ದೂರದಿಂದ ಒಬ್ಬ ಹೆಸರುವಾಸಿ ರೇಡರ್‌ನನ್ನು ಒಂದು ರಾತ್ರಿಗೆ ಕರೆಸುವ ಆಸೆ ಯಾವ ಟೀಮಿಗೂ ಇರ್ತದೆ. ಅವನು ಬಂದರೆ ಜನ ಸೇರ್ತಾರೆ, ಒಂದು ಕಪ್ಪೂ ಬರಬಹುದು. ಆದರೆ ಆ ರಾತ್ರಿ ಊರಿನ ಹುಡುಗನಿಗೆ ಸಿಗುವುದು ಎರಡೋ ಮೂರೋ ರೇಡ್. ಅತಿಥಿ ಬಸ್ ಹತ್ತಿದ ಮೇಲೆ ಟೀಮಿನಲ್ಲಿ ಉಳಿಯುವುದು ಎಂತ?

ಪುತ್ತೂರಿನ ಪ್ರಶಾಂತ್ ರೈ ಪಟ್ನಾ ಪೈರೇಟ್ಸ್‌ಗೆ ಕ್ಯಾಪ್ಟನ್ ಆದವರು. ಕಾರ್ಕಳ ಕಡೆಯ ಮಮತಾ ಪೂಜಾರಿ ಭಾರತ ತಂಡದಲ್ಲಿ ಆಡಿ ಅರ್ಜುನ ಪ್ರಶಸ್ತಿ ತಂದವರು. ಇಂಥವರು ಬೆಳೆಯಲಿಕ್ಕೆ ಅಂಗಣದಲ್ಲಿ ಅವಕಾಶ ಸಿಗಬೇಕು, ಹತ್ತು ಸಲ ಔಟಾದರೂ ಹನ್ನೊಂದನೇ ಸಲ ರೇಡ್‌ಗೆ ಕಳಿಸುವವರು ಬೇಕು.

ಆದ್ದರಿಂದ ಈ ಸಲ ಯುವಕ ಮಂಡಲದವರು ರಸೀದಿ ಪುಸ್ತಕ ಹಿಡಿದು ಅಂಗಡಿಗೆ ಬಂದಾಗ, ಕೊಡುವುದನ್ನು ಕೊಡಿ. ಜೊತೆಗೆ ಒಂದು ಮಾತು ಕೇಳಿ: ‘ನಮ್ಮೂರಿನ ಎಷ್ಟು ಹುಡುಗರು ರೇಡ್ ಮಾಡ್ತಾರೆ?’