ಉರಿಯೂತದಲ್ಲಿ ಆರ್ಜಿನೀನಿನ ಎರಡು ಹಾದಿಗಳು

ಕಾಲಿಗೆ ಮುಳ್ಳು ನೆಟ್ಟು ಒಂದೆರಡು ದಿನ ಕಳೆದರೆ ಆ ಜಾಗವು ಕೆಂಪಾಗಿ, ಬಿಸಿಯೇರಿ, ಊದಿಕೊಂಡು ನೋಯತೊಡಗುತ್ತದೆ. ಕೆಂಪು, ಕಾವು, ಬಾವು, ನೋವು ಎಂಬ ಈ ನಾಲ್ಕು ಲಕ್ಷಣಗಳನ್ನು ಕ್ರಿಸ್ತಶಕ ಒಂದನೆಯ ಶತಮಾನದಲ್ಲಿಯೇ ರೋಮಿನ ಸೆಲ್ಸಸ್ ಎಂಬ ಲೇಖಕನು ಗುರುತಿಸಿದ್ದನು. ಉರಿಯೂತವು ತಾನೇ ಒಂದು ರೋಗವಲ್ಲ. ರೋಗಾಣುಗಳನ್ನು ಎದುರಿಸಿ ಗಾಯವನ್ನು ಮಾಯಿಸಲು ದೇಹವು ಹೂಡುವ ಉಪಾಯ. ಕಾದಾಟ, ದುರಸ್ತಿ ಎಂಬ ಈ ಎರಡು ಕೆಲಸಗಳಿಗೂ ಒಂದೇ ಕಚ್ಚಾಸಾಮಗ್ರಿ ಬೇಕಾಗುವುದೆಂಬುದು ಸ್ವಾರಸ್ಯದ ಸಂಗತಿ. ಆ ಸಾಮಗ್ರಿಯೇ ಆರ್ಜಿನೀನ್.

ಆರ್ಜಿನೀನ್ ಒಂದು ಅಮೈನೋ ಆಮ್ಲ. ಕಡಲೆಕಾಯಿ, ಎಳ್ಳು, ಬೇಳೆಕಾಳು, ಮೀನು, ಮಾಂಸ ಇವುಗಳ ಸಸಾರಜನಕದಲ್ಲಿ ಅದು ಹೇರಳವಾಗಿ ಉಂಟು. 1886ರಲ್ಲಿ ಷುಲ್ಜೆ ಮತ್ತು ಸ್ಟೈಗರ್ ಎಂಬುವರು ಅದನ್ನು ಲುಪಿನ್ ಎಂಬ ದ್ವಿದಳ ಸಸ್ಯದ ಮೊಳಕೆಗಳಿಂದ ಬೇರ್ಪಡಿಸಿದರು. ಯಕೃತ್ತಿನಲ್ಲಿ ಯೂರಿಯಾ ತಯಾರಾಗುವ ಚಕ್ರದಲ್ಲಿ ಅದರ ಸ್ಥಾನವೇನೆಂಬುದನ್ನು ಕ್ರೆಬ್ಸ್ ಮತ್ತು ಹೆನ್ಸೆಲೈಟರು 1932ರಲ್ಲಿ ತೋರಿಸಿಕೊಟ್ಟರು.

ಉರಿಯೂತದೊಡನೆ ಅದಕ್ಕಿರುವ ನಂಟು ಬೆಳಕಿಗೆ ಬಂದುದು ಮೂತ್ರಪರೀಕ್ಷೆಯಿಂದ. 1980ರ ದಶಕದ ಆರಂಭದಲ್ಲಿ ಅಮೆರಿಕದ ಟ್ಯಾನೆನ್‌ಬಾಮ್ ಮತ್ತು ಸಂಗಡಿಗರು ಮನುಷ್ಯರು ತಿಂದುದಕ್ಕಿಂತ ಹೆಚ್ಚು ನೈಟ್ರೇಟನ್ನು ವಿಸರ್ಜಿಸುವರೆಂದು ಕಂಡರು. ಸೋಂಕು ತಗಲಿದಾಗ ಅದರ ಪ್ರಮಾಣವು ಇನ್ನೂ ಏರುತ್ತಿತ್ತು. ಈ ನೈಟ್ರೇಟು ಎಲ್ಲಿಂದ ಬಂದಿತು? ಸುಂಡಿಲಿಗಳ ಭಕ್ಷಕಕೋಶಗಳೇ ಅದನ್ನು ತಯಾರಿಸುತ್ತವೆಯೆಂದು 1985ರಲ್ಲಿ ಸ್ಟ್ಯೂಹರ್ ಮತ್ತು ಮಾರ್ಲೆಟ್ಟ ತೋರಿಸಿದರು. ಅದಕ್ಕೆ ಆರ್ಜಿನೀನ್ ಬೇಕೆಂದು 1987ರಲ್ಲಿ ಹಿಬ್ಸ್ ತಿಳಿಸಿದನು. ಅತ್ತ, ರಕ್ತನಾಳಗಳನ್ನು ಸಡಿಲಿಸುವುದೆಂದು 1980ರಲ್ಲಿ ಫರ್ಚ್‌ಗಾಟ್ ಕಂಡುಹಿಡಿದಿದ್ದ ಅಜ್ಞಾತ ವಸ್ತುವು ನೈಟ್ರಿಕ್ ಆಕ್ಸೈಡ್ ಎಂಬ ಅನಿಲವೇ ಎಂದು 1987ರ ವೇಳೆಗೆ ಸ್ಪಷ್ಟವಾಯಿತು. ಭಕ್ಷಕಕೋಶಗಳು ಉಂಟುಮಾಡುವುದೂ ಇದೇ ಅನಿಲವನ್ನು. ಅದು ಕ್ಷಣಮಾತ್ರದಲ್ಲಿ ಮಾರ್ಪಟ್ಟು ಕೊನೆಗೆ ನೈಟ್ರೇಟಾಗಿ ಹೊರಬೀಳುತ್ತದೆ.

ಆರೋಗ್ಯವಾಗಿರುವ ರಕ್ತನಾಳದ ಒಳಪದರವು ಈ ಅನಿಲವನ್ನು ಹನಿಹನಿಯಾಗಿ ಬಿಡುವುದು. ಉರಿಯೂತದಲ್ಲಿ ರೀತಿಯೇ ಬೇರೆ. ರೋಗಾಣುಗಳ ಹೊರಕವಚದ ತುಣುಕುಗಳೂ ರಕ್ಷಕಕೋಶಗಳು ಕಳಿಸುವ ಸಂದೇಶವಸ್ತುಗಳೂ ಕೋಶದಲ್ಲಿ ಮಲಗಿದ್ದ ಒಂದು ಜೀನನ್ನು ಎಬ್ಬಿಸುತ್ತವೆ. ಆಗ ಹುಟ್ಟುವ ಕಿಣ್ವವು ಆರ್ಜಿನೀನ್ ದೊರೆಯುವವರೆಗೆ ಗಂಟೆಗಟ್ಟಲೆ ನೈಟ್ರಿಕ್ ಆಕ್ಸೈಡನ್ನು ಉತ್ಪಾದಿಸುತ್ತದೆ. ಅನಿಲವು ರೋಗಾಣುಗಳ ಕಬ್ಬಿಣಯುಕ್ತ ಕಿಣ್ವಗಳನ್ನು ಕೆಡಿಸುತ್ತದೆ. ರಕ್ತನಾಳಗಳನ್ನು ಹಿಗ್ಗಿಸಿ ಕೆಂಪಿಗೂ ಕಾವಿಗೂ ಕಾರಣವಾಗುತ್ತದೆ. ಆದರೆ ಅದು ಸೂಪರಾಕ್ಸೈಡಿನೊಡನೆ ಕೂಡಿದಾಗ ಪೆರಾಕ್ಸಿನೈಟ್ರೈಟ್ ಎಂಬ ಉಗ್ರವಸ್ತು ಹುಟ್ಟಿ ಸ್ವಂತ ಅಂಗಾಂಶವನ್ನೇ ಸುಡುವುದುಂಟು.

ಎರಡನೆಯ ಹಾದಿಯ ಯಜಮಾನ ಆರ್ಜಿನೇಸ್ ಎಂಬ ಕಿಣ್ವ. ಇದು ಆರ್ಜಿನೀನನ್ನು ಯೂರಿಯಾ ಮತ್ತು ಆರ್ನಿಥೀನ್ ಆಗಿ ಒಡೆಯುವುದು. ಆರ್ನಿಥೀನಿನಿಂದ ಕೋಶಗಳ ವೃದ್ಧಿಗೆ ಬೇಕಾದ ಪಾಲಿಅಮೀನುಗಳೂ, ಗಾಯವನ್ನು ಹೊಲಿಯುವ ಕೊಲಾಜೆನ್ನಿಗೆ ಬೇಕಾದ ಪ್ರೋಲೀನೂ ದೊರೆಯುತ್ತವೆ. ಕಾದಾಟವು ತಗ್ಗಿದಂತೆ ಬೇರೆ ಸಂದೇಶಗಳು ಬಂದು ಭಕ್ಷಕಕೋಶಗಳಲ್ಲಿ ಈ ಕಿಣ್ವವನ್ನು ಹೆಚ್ಚಿಸುತ್ತವೆ. ಒಂದೇ ಕೆರೆಯಿಂದ ಎರಡು ಕಾಲುವೆ ತೋಡಿದಂತೆ, ಒಂದಕ್ಕೆ ನೀರು ಹೆಚ್ಚಾದರೆ ಇನ್ನೊಂದಕ್ಕೆ ಕಡಿಮೆ. ಹೊಟ್ಟೆಹುಣ್ಣಿಗೆ ಕಾರಣವಾಗುವ ಹೆಲಿಕೊಬ್ಯಾಕ್ಟರ್ ಪೈಲೊರಿ ಎಂಬ ಬ್ಯಾಕ್ಟೀರಿಯವು ತನ್ನದೇ ಆರ್ಜಿನೇಸಿನಿಂದ ಆರ್ಜಿನೀನನ್ನು ಕಬಳಿಸಿ, ನೈಟ್ರಿಕ್ ಆಕ್ಸೈಡಿನ ಏಟಿನಿಂದ ಪಾರಾಗುವ ಚತುರತೆಯನ್ನೂ ಪಡೆದಿದೆ. ಈ ವಿವರಗಳಲ್ಲಿ ಬಹುಪಾಲು ಸುಂಡಿಲಿಗಳಿಂದ ದೊರೆತವು. ಪ್ರಯೋಗಶಾಲೆಯಲ್ಲಿ ಬೆಳೆಸಿದ ಮಾನವ ಭಕ್ಷಕಕೋಶಗಳು ಬಿಡುವ ಅನಿಲವು ಬಹಳ ಕಡಿಮೆಯೆಂಬುದನ್ನು ವಾಚಕರು ಮರೆಯಬಾರದು.

ಈ ಸಮತೋಲವು ಎಷ್ಟು ನಾಜೂಕಾದುದೆಂಬುದನ್ನು ವೈದ್ಯರು ಕಹಿ ಅನುಭವದಿಂದ ಕಲಿತರು. ಸೋಂಕು ಮೈಯೆಲ್ಲ ವ್ಯಾಪಿಸಿದಾಗ ರಕ್ತನಾಳಗಳು ಮಿತಿಮೀರಿ ಸಡಿಲಗೊಂಡು ರಕ್ತದ ಒತ್ತಡವು ಕುಸಿಯುತ್ತದೆ. ಹಾಗಾದರೆ ನೈಟ್ರಿಕ್ ಆಕ್ಸೈಡಿನ ತಯಾರಿಕೆಯನ್ನೇ ತಡೆದರೆ ರೋಗಿಯು ಉಳಿಯಲಾರನೇ? 797 ಮಂದಿ ರೋಗಿಗಳ ಮೇಲೆ ಇಂಥ ಔಷಧವೊಂದನ್ನು ಪರೀಕ್ಷಿಸಿದ ವರದಿ 2004ರಲ್ಲಿ ಪ್ರಕಟವಾಯಿತು. ಒತ್ತಡವೇನೋ ಏರಿತು; ಆದರೆ 28 ದಿನಗಳೊಳಗೆ ಔಷಧ ಪಡೆದವರಲ್ಲಿ ಶೇಕಡ 59ರಷ್ಟು, ಪಡೆಯದವರಲ್ಲಿ ಶೇಕಡ 49ರಷ್ಟು ಮಂದಿ ಮೃತಪಟ್ಟಿದ್ದರು. ಪ್ರಯೋಗವನ್ನು ಅರ್ಧದಲ್ಲಿಯೇ ನಿಲ್ಲಿಸಬೇಕಾಯಿತು. ಆ ಔಷಧವು ಉರಿಯೂತದ ಕಿಣ್ವವನ್ನು ಮಾತ್ರವಲ್ಲದೆ, ಅಂಗಗಳಿಗೆ ರಕ್ತ ಹರಿಸುವ ಸಾಧು ಕಿಣ್ವವನ್ನೂ ತಡೆದಿತ್ತು.

ಇದಕ್ಕೆ ವಿರುದ್ಧವಾಗಿ ಆರ್ಜಿನೀನನ್ನೇ ಹೆಚ್ಚಾಗಿ ಕೊಟ್ಟರೆ? ಹೃದಯಾಘಾತಕ್ಕೊಳಗಾದ 153 ಮಂದಿಯ ಪರೀಕ್ಷೆ 2006ರಲ್ಲಿ ವರದಿಯಾಯಿತು. ಹೃದಯದ ಬಲವು ವರ್ಧಿಸಲಿಲ್ಲ. ಆರ್ಜಿನೀನ್ ಸೇವಿಸಿದವರಲ್ಲಿ ಆರು ಮಂದಿ ತೀರಿಕೊಂಡರು, ಇನ್ನೊಂದು ಗುಂಪಿನಲ್ಲಿ ಯಾರೂ ಸಾಯಲಿಲ್ಲ. ಅದೂ ಮಧ್ಯದಲ್ಲಿಯೇ ನಿಂತಿತು.

ಆದುದರಿಂದ ನೈಟ್ರಿಕ್ ಆಕ್ಸೈಡನ್ನು ಮಿತ್ರನೆಂದಾಗಲಿ ಶತ್ರುವೆಂದಾಗಲಿ ಕರೆಯುವುದು ಉಚಿತವಲ್ಲ. ಯಾವ ಅಂಗಾಂಶದಲ್ಲಿ, ಯಾವ ಹೊತ್ತಿನಲ್ಲಿ, ಎಷ್ಟು ಪ್ರಮಾಣದಲ್ಲಿ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ದೊರೆಯದೆ ಕಾಲುವೆಯ ತೂಬನ್ನು ಮುಚ್ಚುವುದೂ ತೆರೆಯುವುದೂ ಅಪಾಯಕರ. ಆರ್ಜಿನೀನಿನ ಪುಡಿಯನ್ನು ಅಂಗಡಿಯಿಂದ ಕೊಂಡು, ವೈದ್ಯರನ್ನು ಕೇಳದೆ ಸೇವಿಸುವವರು ಈ ಮಾತನ್ನು ನೆನಪಿಡುವುದು ಒಳಿತು.